ಎಚ್‌ಐವಿ ಸೋಂಕಿತರ ಚಿಕಿತ್ಸೆ, ಆರೈಕೆ ಮತ್ತು ಬೆಂಬಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸರ್ಕಾರಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರು, ಕೇಂದ್ರದ ಮೆಟ್ಟಿಲು ಹತ್ತಲು ಇನ್ನೂ ಹಿಂಜರಿಯುತ್ತಿರುವವರು ಮತ್ತು ಅವರ ಮನೆಯವರು ಆಪ್ತಸಮಾಲೋಚಕರ ಬಳಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಂದು ಲಭ್ಯವಿರುವ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಚಿಕಿತ್ಸೆ ಕೈಕೊಡುವುದು ಬಹುಪಾಲು ಅದು ನಡುವೆ ನಿಂತುಹೋದಾಗ. ಆದ್ದರಿಂದ ಮಾತ್ರೆ ನಿಲ್ಲಲು ಕಾರಣವಾಗುವ ಭಯ, ಬಡತನ, ವಲಸೆ, ಮನೆಯೊಳಗಿನ ಗುಟ್ಟು ಇವುಗಳ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇವೆ. ನಿಮ್ಮ ಮಾತ್ರೆಯನ್ನು ಬದಲಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ಮಾತ್ರ ಈ ಬರಹ ಓದಿ ಕೈಗೊಳ್ಳಬೇಡಿ; ಅದು ನಿಮ್ಮನ್ನು ನೋಡುತ್ತಿರುವ ವೈದ್ಯರೊಂದಿಗೆ ಕುಳಿತು ಆಗಬೇಕಾದ ಕೆಲಸ.

ಎಚ್‌ಐವಿ ಮತ್ತು ಏಡ್ಸ್ ಎರಡೂ ಒಂದೇ ಅಲ್ಲವೆ?

ಎಚ್‌ಐವಿ ಎಂಬುದು ವೈರಸ್ಸಿನ ಹೆಸರು. ಅದು ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಹೊಕ್ಕು ನಾಶಪಡಿಸುತ್ತದೆ. ಚಿಕಿತ್ಸೆಯಿಲ್ಲದೆ ಹಲವು ವರ್ಷ ಕಳೆದಾಗ ರೋಗನಿರೋಧಕ ಶಕ್ತಿ ಕುಸಿದು, ಆರೋಗ್ಯವಂತರ ಮೈಯಲ್ಲಿ ತಲೆ ಎತ್ತಲಾರದ ಸೋಂಕುಗಳು ಕಾಣಿಸಿಕೊಳ್ಳತೊಡಗುತ್ತವೆ. ಆ ಮುಂದುವರಿದ ಹಂತವನ್ನು ಏಡ್ಸ್ ಎನ್ನುತ್ತಾರೆ. ಸೋಂಕು ತಗುಲಿದವರೆಲ್ಲರೂ ಆ ಹಂತಕ್ಕೆ ಹೋಗಲೇಬೇಕೆಂದಿಲ್ಲ. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಆರಂಭಿಸಿ ಬಿಡದೆ ಮುಂದುವರಿಸಿದವರು ಉಳಿದವರಂತೆಯೇ ದೀರ್ಘಕಾಲ ಬಾಳಬಹುದು. ಏಡ್ಸ್ ಹಂತ ತಲುಪಿದವರೂ ಚಿಕಿತ್ಸೆಯಿಂದ ಚೇತರಿಸಿಕೊಂಡು ಮತ್ತೆ ಹೊಲಕ್ಕೆ, ಕಚೇರಿಗೆ ಹೋಗುವುದನ್ನು ಎಆರ್‌ಟಿ ಕೇಂದ್ರದಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳಿಯಾರು.

ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದಿದೆ. ಮೊದಲು ಏನು ಮಾಡಬೇಕು?

ಮೊದಲನೆಯದಾಗಿ, ಫಲಿತಾಂಶ ಖಚಿತವೇ ಎಂದು ನೋಡಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳಲ್ಲಿ ಸೋಂಕು ಕಂಡುಬಂದ ಮೇಲಷ್ಟೇ ಪಾಸಿಟಿವ್ ಎಂದು ವರದಿ ಕೊಡುತ್ತಾರೆ. ಖಾಸಗಿ ಪ್ರಯೋಗಾಲಯದ ಒಂದೇ ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಐಸಿಟಿಸಿಗೆ ಹೋಗಿ ಖಚಿತಪಡಿಸಿಕೊಳ್ಳಿ. ಅಲ್ಲಿ ಪರೀಕ್ಷೆ ಉಚಿತ. ಪರೀಕ್ಷೆಗೆ ಮುಂಚೆ ಮತ್ತು ಅನಂತರ ಆಪ್ತಸಮಾಲೋಚನೆ ಇರುತ್ತದೆ, ನಿಮ್ಮ ಒಪ್ಪಿಗೆಯಿಲ್ಲದೆ ರಕ್ತ ತೆಗೆಯುವಂತಿಲ್ಲ.

ಖಚಿತವಾದ ಬಳಿಕ ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಮೊದಲ ಭೇಟಿಗೆ ಅರ್ಧ ದಿನವಾದರೂ ಬೇಕಾಗಬಹುದು. ವೈದ್ಯರು ಮೈ ಪರೀಕ್ಷಿಸುತ್ತಾರೆ, ತೂಕ ನೋಡುತ್ತಾರೆ, ಕ್ಷಯದ ಲಕ್ಷಣಗಳನ್ನು ಕೇಳುತ್ತಾರೆ. ಸಿಡಿ4, ಹಿಮೋಗ್ಲೋಬಿನ್, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಹೆಪಟೈಟಿಸ್ ಬಿ ಮತ್ತು ಸಿ ಮುಂತಾದವುಗಳಿಗೆ ರಕ್ತ ಕೊಡಬೇಕಾಗುತ್ತದೆ. ನಿಮ್ಮ ಹೆಸರಿನಲ್ಲಿ ಒಂದು ಬಿಳಿ ಕಾರ್ಡು ಕೇಂದ್ರದಲ್ಲೇ ಉಳಿಯುತ್ತದೆ, ನಿಮ್ಮ ಕೈಗೆ ಒಂದು ಹಸಿರು ಪುಸ್ತಕ ಕೊಡುತ್ತಾರೆ. ಆ ಪುಸ್ತಕವನ್ನು ಜೋಪಾನವಾಗಿಡಿ. ಮನೆಯಲ್ಲಿ ಇಟ್ಟುಕೊಳ್ಳಲು ಭಯವಾದರೆ ಅದನ್ನು ಮುಚ್ಚಿಡದೆ ಸಮಾಲೋಚಕರಿಗೆ ಹೇಳಿ. ಅದರ ಮೊದಲ ಪುಟದ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಂಡರೂ ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ.

ಪತಿ ಅಥವಾ ಪತ್ನಿ ಮತ್ತು ಮಕ್ಕಳ ಪರೀಕ್ಷೆಯನ್ನೂ ತಡಮಾಡದೆ ಮಾಡಿಸಬೇಕು. ಇದು ಕಷ್ಟದ ಮಾತು. ಇದಕ್ಕೆ ಮುಂದೆ ಬೇರೆಯಾಗಿ ಉತ್ತರಿಸಿದ್ದೇವೆ.

ನನಗೆ ಯಾವ ತೊಂದರೆಯೂ ಇಲ್ಲ, ಗಟ್ಟಿಮುಟ್ಟಾಗಿದ್ದೇನೆ. ಈಗಲೇ ಮಾತ್ರೆ ಶುರು ಮಾಡಬೇಕೆ?

ಮಾಡಬೇಕು. ಹಿಂದೆ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರ ಔಷಧ ಕೊಡುತ್ತಿದ್ದರು. ಆ ಮಿತಿ ಬಳಿಕ 350ಕ್ಕೆ, ಅನಂತರ 500ಕ್ಕೆ ಏರಿತು. 2017ರಿಂದ ಭಾರತದಲ್ಲಿ ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಸಿಡಿ4 ಎಷ್ಟೇ ಇದ್ದರೂ ಚಿಕಿತ್ಸೆ ಕೊಡಲಾಗುತ್ತಿದೆ. ಹಳೆಯ ನಿಯಮ ಕೇಳಿ ತಿಳಿದ ಕೆಲವರು ಇಂದಿಗೂ ‘ಸಿಡಿ4 ಚೆನ್ನಾಗಿದೆ, ಮಾತ್ರೆ ಬೇಡ’ ಎಂದು ಸಲಹೆ ಕೊಡುವುದುಂಟು. ಆ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮೈ ಹಗುರಾಗಿರುವಾಗ ಆರಂಭಿಸಿದ ಚಿಕಿತ್ಸೆಯನ್ನು ದೇಹ ಸುಲಭವಾಗಿ ತಾಳಿಕೊಳ್ಳುತ್ತದೆ, ಸಂಗಾತಿಗೆ ಸೋಂಕು ದಾಟುವುದನ್ನೂ ಅದು ಬೇಗ ತಡೆಯುತ್ತದೆ.

ಒಂದೇ ಒಂದು ವಿನಾಯಿತಿ ಇದೆ. ಕ್ಷಯ ಅಥವಾ ಮಿದುಳು ಪೊರೆಯ ಸೋಂಕಿನ ಅನುಮಾನವಿದ್ದರೆ ಮೊದಲು ಅದರ ಚಿಕಿತ್ಸೆ ಶುರುಮಾಡಿ, ಕೆಲವು ದಿನ ಅಥವಾ ವಾರಗಳ ಬಳಿಕ ಎಆರ್‌ಟಿ ಕೊಡುತ್ತಾರೆ. ಆ ಕಾಯುವಿಕೆ ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಯಾವ ಮಾತ್ರೆ ಕೊಡುತ್ತಾರೆ? ಎಷ್ಟು ಖರ್ಚಾಗುತ್ತದೆ?

ಹೆಚ್ಚಿನ ವಯಸ್ಕರಿಗೆ ಈಗ ಕೊಡುವುದು ಟಿಎಲ್‌ಡಿ ಎಂದು ಕರೆಯುವ ಒಂದೇ ಮಾತ್ರೆ. ಅದರಲ್ಲಿ ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ ಮತ್ತು ಡೊಲುಟೆಗ್ರಾವಿರ್ 50 ಮಿ.ಗ್ರಾಂ ಸೇರಿರುತ್ತವೆ. ದಿನಕ್ಕೊಂದು ಮಾತ್ರೆ, ಊಟದ ಮೊದಲಾದರೂ ಸರಿ, ಆಮೇಲಾದರೂ ಸರಿ, ದಿನವೂ ಒಂದೇ ಹೊತ್ತಿಗೆ. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಬೇರೆ ಔಷಧಗಳಿವೆ. ಈ ಮಾತ್ರೆ ಸಾಕಾಗದವರಿಗೆ ಎರಡನೆಯ ಮತ್ತು ಮೂರನೆಯ ಹಂತದ ಔಷಧಗಳೂ ಸರ್ಕಾರಿ ವ್ಯವಸ್ಥೆಯಲ್ಲಿವೆ.

ಔಷಧ, ಸಿಡಿ4 ಮತ್ತು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪರೀಕ್ಷೆ, ಸಮಾಲೋಚನೆ ಎಲ್ಲವೂ ಉಚಿತ. ಈ ಸೌಲಭ್ಯ ತಾನಾಗಿ ಬಂದದ್ದಲ್ಲ. 1990ರ ದಶಕದ ಕೊನೆಯಲ್ಲಿ ಈ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಸುಪಾಸು ಬೇಕಾಗಿತ್ತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಗಳ ಜೋಡಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಪ್ರಕಟಿಸಿದ ಮೇಲೆ ಲೋಕದಾದ್ಯಂತ ಬೆಲೆ ಇಳಿಯಿತು. ಸೋಂಕಿತರ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಫಲವಾಗಿ 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಆರಂಭವಾಯಿತು. ಆ ಎಂಟರಲ್ಲಿ ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯೂ ಒಂದು. ಆ ದಿನಗಳಲ್ಲಿ ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು ಮಾತ್ರೆ ಒಯ್ಯುತ್ತಿದ್ದವರಿದ್ದರು. ಈಗ ಜಿಲ್ಲೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೆಯ ಹತ್ತಿರವೇ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಗಳಿವೆ.

ಒಂದೆರಡು ದಿನ ಮಾತ್ರೆ ತಪ್ಪಿದರೆ ಏನಾಗುತ್ತದೆ?

ಮರೆತದ್ದು ಅದೇ ದಿನ ನೆನಪಾದರೆ ಕೂಡಲೇ ನುಂಗಿ. ಮರುದಿನ ಮಾತ್ರೆಯ ಹೊತ್ತಿಗೆ ನೆನಪಾದರೆ ಆ ದಿನದ್ದನ್ನಷ್ಟೇ ತೆಗೆದುಕೊಳ್ಳಿ. ಎರಡನ್ನು ಒಟ್ಟಿಗೆ ನುಂಗಬಾರದು. ಎಂದೋ ಒಮ್ಮೆ ಹೀಗಾದರೆ ಗಾಬರಿ ಬೇಡ. ಆದರೆ ಇದು ರೂಢಿಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿಳಿದು, ಆ ಇಳಿದ ಹೊತ್ತಿನಲ್ಲಿ ವೈರಸ್ ಮತ್ತೆ ಬೆಳೆದು, ಔಷಧಕ್ಕೆ ಜಗ್ಗದ ರೂಪ ತಾಳುತ್ತದೆ. ಆಗ ಅದೇ ಮಾತ್ರೆಯನ್ನು ಎಷ್ಟು ಶ್ರದ್ಧೆಯಿಂದ ತೆಗೆದುಕೊಂಡರೂ ಫಲ ಸಿಗದೆ ಹೋಗಬಹುದು.

ಕೇಂದ್ರಕ್ಕೆ ಬಂದಾಗ ಡಬ್ಬಿ ತರಲು ಹೇಳುವುದು ಇದಕ್ಕಾಗಿಯೇ. ಮೂವತ್ತು ಮಾತ್ರೆಯ ಡಬ್ಬಿ ಒಯ್ದವರು ಇಪ್ಪತ್ತೆಂಟು ದಿನಗಳ ಬಳಿಕ ಬಂದರೆ ಡಬ್ಬಿಯಲ್ಲಿ ಎರಡು ಉಳಿದಿರಬೇಕು. ಏಳು ಉಳಿದಿದ್ದರೆ ಐದು ದಿನ ತಪ್ಪಿದೆ ಎಂದು ಲೆಕ್ಕ. ಶೇ 95ರಷ್ಟಾದರೂ ಮಾತ್ರೆ ಹೊಟ್ಟೆಗೆ ಸೇರಬೇಕೆಂಬುದು ಚಿಕಿತ್ಸೆಯ ನಿಯಮ, ಎಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಉಳಿದ ಮಾತ್ರೆಗಳನ್ನು ದಾರಿಯಲ್ಲೇ ಬಿಸಾಡಿ ಖಾಲಿ ಡಬ್ಬಿ ತೋರಿಸುವವರಿದ್ದಾರೆ. ಬೈಗುಳಕ್ಕೆ ಹೆದರಿ ಹಾಗೆ ಮಾಡುತ್ತಾರೆಂದು ಬಲ್ಲೆವು, ಆ ಹೆದರಿಕೆಗೆ ಕೇಂದ್ರದವರ ನಡವಳಿಕೆಯೂ ಕೆಲವೊಮ್ಮೆ ಕಾರಣವೆಂದು ಒಪ್ಪುತ್ತೇವೆ. ಆದರೂ ಕೇಳಿಕೊಳ್ಳುವುದಿಷ್ಟೆ: ಏಕೆ ತಪ್ಪಿತು ಎಂದು ತಿಳಿದರೆ ಮಾತ್ರ ದಾರಿ ಹುಡುಕಲು ಸಾಧ್ಯ.

ಕಾರಣಗಳು ಹೆಚ್ಚಾಗಿ ಮನೆಯೊಳಗಿನವೇ. ಕೂಡುಕುಟುಂಬದಲ್ಲಿರುವ ಸೊಸೆಗೆ ಡಬ್ಬಿಯ ಸದ್ದೇ ಭಯ. ಮಾತ್ರೆ ಗಲಗಲ ಅನ್ನದಿರಲೆಂದು ಡಬ್ಬಿಯೊಳಗೆ ಹತ್ತಿ ತುರುಕಿ, ಅಕ್ಕಿ ಡಬ್ಬದ ತಳದಲ್ಲಿ ಹುದುಗಿಸಿಟ್ಟು, ಎಲ್ಲರೂ ಮಲಗಿದ ಮೇಲೆ ನುಂಗುವವರಿದ್ದಾರೆ. ಮನೆಗೆ ನೆಂಟರು ಬಂದ ವಾರ, ಜಾತ್ರೆಯ ವಾರ, ತವರಿಗೆ ಹೋದ ದಿನಗಳಲ್ಲಿ ಇಂಥವರ ಮಾತ್ರೆ ತಪ್ಪುತ್ತದೆ. ಅವರು ಮಾತ್ರೆಯ ಹೊತ್ತನ್ನು ರಾತ್ರಿಯಿಂದ ಬೆಳಿಗ್ಗೆಗೆ, ನೀರು ತರಲು ಅಥವಾ ಕೆಲಸಕ್ಕೆ ಹೊರಡುವ ವೇಳೆಗೆ, ಬದಲಿಸಿಕೊಳ್ಳಬಹುದು. ಒಂದು ವಾರಕ್ಕಾಗುವಷ್ಟನ್ನು ಚಿಕ್ಕ ಕರಡಿಗೆಯಲ್ಲಿಟ್ಟುಕೊಂಡು ಉಳಿದದ್ದನ್ನು ಮೂಲ ಡಬ್ಬಿಯಲ್ಲೇ ಬಿಡಿ. ತೇವ ಹೀರಲೆಂದು ಅದರಲ್ಲಿಟ್ಟಿರುವ ಪುಟ್ಟ ಪೊಟ್ಟಣವನ್ನು ತೆಗೆಯಬೇಡಿ.

ದುಡಿಮೆಗಾಗಿ ಬೇರೆ ಊರಿಗೆ ಹೋಗಬೇಕು. ಮಾತ್ರೆಯ ಗತಿಯೇನು?

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾಗಳಿಗೆ, ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಗೆ ಗುಳೆ ಹೋಗುವವರು ಕೇಳುವ ಪ್ರಶ್ನೆಯಿದು. ಆರೋಗ್ಯ ಸ್ಥಿರವಾಗಿದ್ದು ವೈರಲ್ ಲೋಡ್ ಹತೋಟಿಯಲ್ಲಿದ್ದರೆ ಒಮ್ಮೆಗೆ ಎರಡು ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆಯಿದೆ. ಹೊರಡುವ ಮುನ್ನವೇ ಕೇಳಿ. ಹೋದ ಊರಿನಲ್ಲಿ ಮಾತ್ರೆ ಮುಗಿದರೆ ಹಸಿರು ಪುಸ್ತಕ ತೋರಿಸಿ ಅಲ್ಲಿನ ಎಆರ್‌ಟಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಪಡೆಯಬಹುದು. ಅಲ್ಲಿಯೇ ನೆಲೆಸುವುದಾದರೆ ವರ್ಗಾವಣೆ ಪತ್ರ ಕೇಳಿ ಪಡೆಯಿರಿ. ಹೊರರಾಜ್ಯದ ಕೇಂದ್ರವಾದರೂ ಅದೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ್ದು.

ಹೊರದೇಶದ ಮಾತು ಬೇರೆ. ಕೊಲ್ಲಿಯ ಹಲವು ದೇಶಗಳು ಕೆಲಸದ ವೀಸಾಕ್ಕೆ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ ಮತ್ತು ಪಾಸಿಟಿವ್ ಬಂದವರನ್ನು ವಾಪಸು ಕಳಿಸುತ್ತವೆ. ಏಜೆಂಟರಿಗೆ ಹಣ ಕಟ್ಟುವ ಮೊದಲು ಇದನ್ನು ತಿಳಿದಿರಬೇಕು.

ಅಡ್ಡಪರಿಣಾಮಗಳಿವೆಯೆ? ಬೇರೆ ಔಷಧಗಳ ಜೊತೆ ತೆಗೆದುಕೊಳ್ಳಬಹುದೆ?

ಮೊದಲ ಕೆಲವು ವಾರಗಳಲ್ಲಿ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಾಣಿಸಬಹುದು. ಬಹುತೇಕರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ನಿದ್ದೆ ಕೆಡುವವರು ಬೆಳಿಗ್ಗೆ ತೆಗೆದುಕೊಂಡರೆ ಅನುಕೂಲ. ಡೊಲುಟೆಗ್ರಾವಿರ್‌ನಿಂದ ಕೆಲವರ ತೂಕ ಏರುತ್ತದೆ, ಕೆಲವರಲ್ಲಿ ರಕ್ತದ ಸಕ್ಕರೆ ಏರಬಹುದು. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದ ಕ್ರಿಯಾಟಿನಿನ್ ಪರೀಕ್ಷೆಯನ್ನು ಆಗಾಗ ಮಾಡುತ್ತಾರೆ. ಮೈಮೇಲೆ ಗಂಧೆ ಎದ್ದು ಜ್ವರ ಬಂದರೆ, ಕಣ್ಣು ಹಳದಿಯಾದರೆ ಮುಂದಿನ ದಿನಾಂಕದವರೆಗೆ ಕಾಯದೆ ಬನ್ನಿ.

ಬೇರೆ ಔಷಧಗಳ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಬಹಳ ಮುಖ್ಯ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು, ಎದೆಯುರಿಗೆ ಕುಡಿಯುವ ಆ್ಯಂಟಾಸಿಡ್‌ಗಳು ಡೊಲುಟೆಗ್ರಾವಿರ್ ರಕ್ತ ಸೇರದಂತೆ ತಡೆಯುತ್ತವೆ. ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಳಿಕ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕಬ್ಬಿಣಾಂಶದ ಮಾತ್ರೆ ತಂದುಕೊಡುವುದರಿಂದ ಅವರು ಇದನ್ನು ನೆನಪಿಡಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಅದರ ಪ್ರಮಾಣಕ್ಕೆ ಮಿತಿ ಹಾಕಬೇಕಾಗುತ್ತದೆ. ಮೂರ್ಛೆರೋಗದ ಕೆಲವು ಔಷಧಗಳೂ ಅಡ್ಡಿಪಡಿಸುತ್ತವೆ. ಯಾವ ವೈದ್ಯರ ಬಳಿ ಹೋದರೂ ನೀವು ಟಿಎಲ್‌ಡಿ ತೆಗೆದುಕೊಳ್ಳುತ್ತಿದ್ದೀರೆಂದು ಹೇಳುವುದೇ ಒಳ್ಳೆಯದು. ಹೇಳಲು ಮನಸ್ಸಾಗದಿದ್ದರೆ ಅವರು ಬರೆದ ಚೀಟಿಯನ್ನು ಎಆರ್‌ಟಿ ಕೇಂದ್ರದ ಔಷಧ ವಿತರಕರಿಗಾದರೂ ತೋರಿಸಿ.

ಹೆಪಟೈಟಿಸ್ ಬಿ ಇರುವವರು ಇನ್ನೂ ಎಚ್ಚರವಾಗಿರಬೇಕು. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಅದನ್ನೂ ಹತೋಟಿಯಲ್ಲಿಡುವುದರಿಂದ ಮಾತ್ರೆ ದಿಢೀರನೆ ನಿಂತರೆ ಯಕೃತ್ತಿನ ಉರಿಯೂತ ಜೋರಾಗಿ ಮರುಕಳಿಸಬಹುದು.

ಸಿಡಿ4 ಮತ್ತು ವೈರಲ್ ಲೋಡ್ ಇವುಗಳಲ್ಲಿ ಯಾವುದು ಮುಖ್ಯ?

ಸಿಡಿ4 ನಿಮ್ಮ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ಹೇಳುತ್ತದೆ. ವೈರಲ್ ಲೋಡ್ ರಕ್ತದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂದು ಹೇಳುತ್ತದೆ. ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಂಬಬೇಕಾದದ್ದು ವೈರಲ್ ಲೋಡನ್ನು. ಮಾತ್ರೆ ಶುರುವಾದ ಆರನೆಯ ತಿಂಗಳಿಗೆ, ಹನ್ನೆರಡನೆಯ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ನಿಮ್ಮ ಪರೀಕ್ಷೆ ಬಾಕಿಯಿದ್ದರೆ ನೀವೇ ನೆನಪಿಸಿ, ಅದು ನಿಮ್ಮ ಹಕ್ಕು. ಎಣಿಕೆ 1000ಕ್ಕಿಂತ ಹೆಚ್ಚು ಬಂದರೆ ಮೊದಲು ಮಾತ್ರೆ ಸರಿಯಾಗಿ ಸೇರುತ್ತಿದೆಯೇ ಎಂದು ಸಮಾಲೋಚನೆ ನಡೆಸಿ, ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ, ಆಗಲೂ ಇಳಿಯದಿದ್ದರೆ ಔಷಧ ಬದಲಿಸುವ ಯೋಚನೆ ಮಾಡುತ್ತಾರೆ.

ವೈರಸ್ ಪತ್ತೆಯಾಗದಷ್ಟು ಕಡಿಮೆಯಾದರೆ ಸಂಗಾತಿಗೆ ಹರಡುವುದಿಲ್ಲ ಎನ್ನುತ್ತಾರೆ. ಇದು ನಿಜವೆ?

ನಿಜ. ಯುರೋಪಿನ 14 ದೇಶಗಳಲ್ಲಿ ನಡೆದ ಪಾರ್ಟ್ನರ್ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನು ವರ್ಷಗಳ ಕಾಲ ಗಮನಿಸಲಾಯಿತು. ಸೋಂಕಿತರ ವೈರಸ್ ಔಷಧದಿಂದ ಹತೋಟಿಯಲ್ಲಿದ್ದಾಗ ಕಾಂಡೋಮ್ ಇಲ್ಲದ ಸಂಪರ್ಕದಲ್ಲೂ ಅವರಿಂದ ಸಂಗಾತಿಗೆ ಸೋಂಕು ದಾಟಿದ ಒಂದು ಪ್ರಕರಣವೂ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ: ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಈ ಸಂಗತಿಯನ್ನು ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ತನ್ನ ಮೈಯಿಂದಲೇ ಮನೆಯವರಿಗೆ ಕೇಡಾದೀತೆಂಬ ಅಂಜಿಕೆಯಿಂದ ವರ್ಷಗಟ್ಟಲೆ ಬೇರೆ ಕೋಣೆಯಲ್ಲಿ ಮಲಗಿದ ಗಂಡಂದಿರು, ಹೆತ್ತ ಮಗುವಿಗೆ ಮುತ್ತಿಡಲೂ ಹೆದರಿದ ತಾಯಂದಿರು ಇದ್ದಾರೆ. ಮುತ್ತು, ಅಪ್ಪುಗೆ, ಒಂದೇ ತಟ್ಟೆಯ ಊಟ ಇವುಗಳಿಂದ ಎಚ್‌ಐವಿ ಯಾವ ಕಾಲಕ್ಕೂ ಹರಡಿದ್ದಿಲ್ಲ.

ಎರಡು ಮಾತು ಸೇರಿಸಬೇಕು. ಇದು ಮಾತ್ರೆ ಬಿಡದೆ ನಡೆದಾಗ ಮತ್ತು ಇತ್ತೀಚಿನ ವರದಿ ಚೆನ್ನಾಗಿದ್ದಾಗಿನ ಮಾತು. ಇತರ ಲೈಂಗಿಕ ರೋಗಗಳನ್ನೂ ಬೇಡದ ಗರ್ಭವನ್ನೂ ಮಾತ್ರೆ ತಡೆಯುವುದಿಲ್ಲವಾದ್ದರಿಂದ ಕಾಂಡೋಮಿನ ಉಪಯೋಗ ಇದ್ದೇ ಇದೆ.

ಕ್ಷಯದ ಬಗ್ಗೆ ಪ್ರತಿ ಭೇಟಿಯಲ್ಲೂ ಏಕೆ ಕೇಳುತ್ತಾರೆ?

ಎಚ್‌ಐವಿ ಇರುವವರ ಜೀವಕ್ಕೆ ಎಲ್ಲಕ್ಕಿಂತ ಹೆಚ್ಚು ಎರವಾಗುವುದು ಕ್ಷಯ. ನಮ್ಮ ದೇಶದಲ್ಲಿ ಕ್ಷಯದ ರೋಗಾಣು ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು ಕೂರುತ್ತದೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಈ ನಾಲ್ಕನ್ನು ಪ್ರತಿ ಸಲವೂ ಕೇಳಲೇಬೇಕು. ಎಚ್‌ಐವಿ ಇರುವವರಲ್ಲಿ ಕ್ಷಯ ಶ್ವಾಸಕೋಶವನ್ನು ಬಿಟ್ಟು ಗ್ರಂಥಿ, ಹೊಟ್ಟೆ, ಮಿದುಳು ಪೊರೆಗಳಲ್ಲೂ ಬರುವುದರಿಂದ ಕಫದ ಪರೀಕ್ಷೆಯಲ್ಲಿ ಸಿಗದೆಯೂ ಹೋಗಬಹುದು. ಒಂದು ಲಕ್ಷಣವಿದ್ದರೂ ಕ್ಷಯದ ರೋಗಾಣುವನ್ನು ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆ ಮಾಡಿಸುತ್ತಾರೆ. ಲಕ್ಷಣವಿಲ್ಲದವರಿಗೆ ಕ್ಷಯ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಐಸೊನಿಯಾಜಿಡ್ ಆದರೆ ಆರು ತಿಂಗಳು, ಅದರ ಜೊತೆಗೆ ಕೈಕಾಲು ಜೋಮು ಹಿಡಿಯದಿರಲೆಂದು ವಿಟಮಿನ್ ಬಿ6. ‘ನನಗೆ ಟಿ.ಬಿ. ಇಲ್ಲವಲ್ಲ’ ಎಂದು ಈ ಮಾತ್ರೆಯನ್ನು ಪಕ್ಕಕ್ಕಿಡಬೇಡಿ.

ಕ್ಷಯ ಬಂದರೂ ಅದು ಪೂರ್ತಿ ಗುಣವಾಗುವ ಕಾಯಿಲೆ. ಅದರ ಚಿಕಿತ್ಸೆಯ ರಿಫಾಂಪಿಸಿನ್ ಎಂಬ ಔಷಧ ಡೊಲುಟೆಗ್ರಾವಿರ್‌ನ ಪ್ರಮಾಣವನ್ನು ತಗ್ಗಿಸುತ್ತದೆ. ಹಾಗಾಗಿ ಟಿಎಲ್‌ಡಿ ತೆಗೆದುಕೊಂಡ 12 ಗಂಟೆಯ ಬಳಿಕ ಇನ್ನೊಂದು 50 ಮಿ.ಗ್ರಾಂ ಡೊಲುಟೆಗ್ರಾವಿರ್ ಕೊಡುತ್ತಾರೆ. ಕ್ಷಯದ ಮಾತ್ರೆ ಒಂದು ಕಡೆ, ಎಚ್‌ಐವಿ ಮಾತ್ರೆ ಇನ್ನೊಂದು ಕಡೆ ಪಡೆಯುವವರಲ್ಲಿ ಈ ಎರಡನೆಯ ಮಾತ್ರೆ ಕೈತಪ್ಪುವ ಸಂಭವವಿರುವುದರಿಂದ ಎರಡೂ ಕಡೆ ಹೇಳಿಕೊಳ್ಳಿ. ಕ್ಷಯ ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ₹1000 ಬ್ಯಾಂಕ್ ಖಾತೆಗೆ ಬರುತ್ತದೆ.

ಎಆರ್‌ಟಿ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲ ಬಳಿ ಗಡ್ಡೆ ಕಾಣಿಸಿ ‘ಮಾತ್ರೆಯಿಂದಲೇ ಕಾಯಿಲೆ ಬಂತು’ ಅನಿಸುತ್ತದೆ. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಅಡಗಿದ್ದ ಸೋಂಕಿನ ಮೇಲೆ ಬಿದ್ದಾಗ ಹೀಗಾಗುತ್ತದೆ. ಮಾತ್ರೆ ನಿಲ್ಲಿಸದೆ ಕೇಂದ್ರಕ್ಕೆ ಬನ್ನಿ.

ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಸಿಡಿ4 ಎಣಿಕೆ 200ಕ್ಕಿಂತ ಕಡಿಮೆಯಿರುವವರು ವಿಶೇಷವಾಗಿ ಜಾಗ್ರತೆಯಿಂದಿರಬೇಕು. ಬಿಡದ ತಲೆನೋವು, ಅದರ ಜೊತೆ ವಾಂತಿ ಅಥವಾ ದೃಷ್ಟಿ ಮಂಜಾಗುವುದು, ಒಣಕೆಮ್ಮಿನ ಜೊತೆ ನಾಲ್ಕು ಹೆಜ್ಜೆಗೇ ಏದುಸಿರು, ಅನ್ನ ನುಂಗಲಾಗದ ನೋವು, ವಾರಗಟ್ಟಲೆ ಭೇದಿ, ಫಿಟ್ಸ್, ಒಂದು ಪಕ್ಕದ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಹೊರಡಿ. ತಲೆನೋವಿನ ಹಿಂದೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ಏದುಸಿರಿನ ಹಿಂದೆ ಒಂದು ಬಗೆಯ ನ್ಯುಮೋನಿಯಾ ಇರಬಹುದು. ಎರಡಕ್ಕೂ ಔಷಧವಿದೆ, ತಡವಾದರೆ ಎರಡೂ ಪ್ರಾಣಾಂತಿಕ. ಸಿಡಿ4 ಕಡಿಮೆಯಿರುವವರಿಗೆ ಕೊಡುವ ಕೊಟ್ರಿಮೊಕ್ಸಜೋಲ್ ಮಾತ್ರೆ ಆ ನ್ಯುಮೋನಿಯಾವನ್ನು ತಡೆಯುವುದಕ್ಕೇ. ಅದನ್ನು ವೈದ್ಯರು ನಿಲ್ಲಿಸಲು ಹೇಳುವವರೆಗೆ ಮುಂದುವರಿಸಬೇಕು.

ಮಹಿಳೆಯರಿಗೆ ಇನ್ನೊಂದು ಮಾತು. ಎಚ್‌ಐವಿ ಇರುವವರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಂಭವ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಲಕ್ಷಣವಿಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಿ.

ನನಗೆ ಸೋಂಕಿದೆ, ಮಗು ಬೇಕು. ಮಗುವಿಗೆ ಸೋಂಕು ಬಾರದಂತೆ ಮಾಡಬಹುದೆ?

ಮಾಡಬಹುದು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಗರ್ಭದಲ್ಲಿ, ಹೆರಿಗೆಯಲ್ಲಿ ಮತ್ತು ಎದೆಹಾಲಿನ ಮೂಲಕ ಒಟ್ಟಾಗಿ ಶೇ 15ರಿಂದ 45ರಷ್ಟು ಮಕ್ಕಳಿಗೆ ಸೋಂಕು ದಾಟುತ್ತದೆ. ತಾಯಿ ಚಿಕಿತ್ಸೆಯಲ್ಲಿದ್ದು ಮಗುವಿಗೂ ಔಷಧ ಸಿಕ್ಕರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಗರ್ಭ ಧರಿಸುವ ಮೊದಲೇ ವೈರಲ್ ಲೋಡ್ ಹತೋಟಿಗೆ ಬಂದಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಮಗುವಿನ ಯೋಚನೆಯಿದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ.

ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಬೇಕಿಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಕೂಡಲೇ ಮಗುವಿಗೆ ನೆವಿರಪಿನ್ ಅಥವಾ ಜಿಡೊವುಡಿನ್ ಸಿರಪ್ ಶುರುವಾಗಿ ಆರು ವಾರ ನಡೆಯುತ್ತದೆ. ತಾಯಿಯ ಚಿಕಿತ್ಸೆ ತಡವಾಗಿ ಆರಂಭವಾಗಿದ್ದರೆ ಎರಡು ಔಷಧ, ಹೆಚ್ಚು ದಿನ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡುವುದು ಒಳ್ಳೆಯದು. ಜೇನು, ಬಜೆ, ಹಸುವಿನ ಹಾಲು, ಬಿಸಿನೀರು ಏನನ್ನೂ ಬೆರೆಸಬಾರದು. ಎದೆಹಾಲಿನ ಜೊತೆ ಹೊರಗಿನ ಆಹಾರ ಸೇರಿದರೆ ಎಳೆಗರುಳಿನ ಒಳಪದರಕ್ಕೆ ಪೆಟ್ಟಾಗಿ ಸೋಂಕಿನ ದಾರಿ ಸುಲಭವಾಗುತ್ತದೆ. ಬಾಣಂತಿಯ ಕೋಣೆಯಲ್ಲಿ ಅಜ್ಜಿಯರ ಮಾತು ಮೀರುವುದು ಕಷ್ಟವೆಂದು ತಿಳಿದಿದೆ. ಗುಟ್ಟು ಬಿಟ್ಟುಕೊಡದೆ ಹೇಳಲು, ಎಲ್ಲ ಮಕ್ಕಳಿಗೂ ಆರು ತಿಂಗಳು ಎದೆಹಾಲೊಂದೇ ಸಾಕೆಂದು ಡಾಕ್ಟರು ಹೇಳಿದ್ದಾರೆ ಎಂಬ ನಿಜವಾದ ಕಾರಣವೇ ಇದೆ.

ಆರನೆಯ ವಾರದಲ್ಲಿ, ಮೊದಲ ಲಸಿಕೆಗೆ ಕರೆತರುವ ದಿನವೇ, ಮಗುವಿನ ಹಿಮ್ಮಡಿಯಿಂದ ನಾಲ್ಕೈದು ಹನಿ ರಕ್ತವನ್ನು ಕಾಗದದ ಕಾರ್ಡಿನ ಮೇಲೆ ಒಣಗಿಸಿ ಪರೀಕ್ಷೆಗೆ ಕಳಿಸುತ್ತಾರೆ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಪರೀಕ್ಷೆ ಇರುತ್ತದೆ. ಕೊನೆಯ ತೀರ್ಪು 18 ತಿಂಗಳಿಗೆ. ಮೊದಲ ವರದಿ ನೆಗೆಟಿವ್ ಬಂದ ಖುಷಿಯಲ್ಲಿ ಮುಂದಿನವುಗಳನ್ನು ಬಿಡಬೇಡಿ.

ಸೋಂಕಿರುವ ಮಗುವಿಗೆ ಯಾವಾಗ ಹೇಳಬೇಕು?

ಶಾಲೆಗೆ ಹೋಗುವ ವಯಸ್ಸಿನಿಂದ ಸ್ವಲ್ಪಸ್ವಲ್ಪವಾಗಿ ಹೇಳುತ್ತ ಬಂದು ಹನ್ನೆರಡರ ಒಳಗೆ ಪೂರ್ತಿ ತಿಳಿಸುವುದು ಒಳ್ಳೆಯದು. ಆರೇಳು ವರ್ಷದ ಮಗುವಿಗೆ ‘ನಿನ್ನ ರಕ್ತದಲ್ಲಿ ಒಂದು ರೋಗಾಣು ಇದೆ, ಈ ಮಾತ್ರೆ ಅದನ್ನು ಮಲಗಿಸಿಡುತ್ತದೆ’ ಎಂದರೆ ಸಾಕು, ಹೆಸರು ಆಮೇಲೆ ಬಂದೀತು. ತಂದೆತಾಯಿ ತೀರಿಕೊಂಡು ಅಜ್ಜ ಅಜ್ಜಿಯ ಬಳಿ ಬೆಳೆಯುವ ಮಕ್ಕಳಿಗೆ ‘ವಿಟಮಿನ್ ಗುಳಿಗೆ’ ಎಂದೇ ಹೇಳಿ ಕೊಡುತ್ತಿರುತ್ತಾರೆ. ಹದಿನಾಲ್ಕು ಹದಿನೈದಕ್ಕೆ ಆ ಮಕ್ಕಳು ಡಬ್ಬಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿ ತಾವೇ ತಿಳಿದುಕೊಳ್ಳುತ್ತಾರೆ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಹರೆಯದವರ ಚಿಕಿತ್ಸೆ ಮುರಿದುಬೀಳುವುದಕ್ಕೆ ಈ ಮೌನ ದೊಡ್ಡ ಕಾರಣವೆಂದು ನಾವು ಭಾವಿಸುತ್ತೇವೆ. ಹೇಳುವ ಧೈರ್ಯ ಸಾಲದಿದ್ದರೆ ಮಗುವನ್ನು ಸಮಾಲೋಚಕರ ಬಳಿ ಕರೆತನ್ನಿ. ಒಂದೇ ದಿನದಲ್ಲಿ ಮುಗಿಸಬೇಕಾದ ಮಾತೇನೂ ಅಲ್ಲ.

ಗಂಡನಿಗೆ ಅಥವಾ ಹೆಂಡತಿಗೆ ಹೇಳಲೇಬೇಕೆ? ಆಸ್ಪತ್ರೆಯವರು ಯಾರಿಗಾದರೂ ಹೇಳಿಬಿಡುತ್ತಾರೆಯೆ?

2017ರ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ನಿಮ್ಮ ಸ್ಥಿತಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಸಂಗಾತಿಯ ವಿಷಯದಲ್ಲಿ ಒಂದು ಅಪವಾದವಿದೆ: ಸಂಗಾತಿಗೆ ಗಂಭೀರ ಅಪಾಯವಿದ್ದು, ಸಮಾಲೋಚನೆಯ ಬಳಿಕವೂ ನೀವು ಹೇಳುವುದಿಲ್ಲವೆಂದು ಖಚಿತವಾದರೆ, ವೈದ್ಯರು ಅಥವಾ ಸಮಾಲೋಚಕರು ನಿಮಗೆ ಮುಂಚಿತವಾಗಿ ತಿಳಿಸಿ, ಸಂಗಾತಿಗೆ ಖುದ್ದಾಗಿ ಹೇಳಬಹುದು. ಹಾಗೆ ಹೇಳುವುದರಿಂದ ಹೊಡೆತ, ಮನೆಯಿಂದ ಹೊರದೂಡುವಿಕೆ ಇಂಥವು ನಡೆಯುವ ಭಯವಿದ್ದರೆ, ಮುಖ್ಯವಾಗಿ ಮಹಿಳೆಯರ ವಿಷಯದಲ್ಲಿ, ಹೇಳಕೂಡದೆಂದೂ ಕಾಯ್ದೆ ತಿಳಿಸುತ್ತದೆ.

ಸಂಗಾತಿಗೆ ತಿಳಿದಿರುವ ಮನೆಗಳಲ್ಲಿ ಮಾತ್ರೆ ತಪ್ಪುವುದು ಕಡಿಮೆ ಎಂಬುದು ನಮ್ಮ ಅನುಭವ. ಸಮಾಲೋಚಕರ ಎದುರಿನಲ್ಲಿ, ಅವರ ನೆರವಿನಿಂದ ಹೇಳುವುದು ಹಲವರಿಗೆ ಸುಲಭವಾಗಿದೆ. ಸೋಂಕು ಮೊದಲು ಯಾರಿಗೆ ತಗುಲಿತೆಂದು ಪರೀಕ್ಷೆ ಹೇಳುವುದಿಲ್ಲ. ಗರ್ಭಿಣಿಯಾಗಿದ್ದಾಗ ಮೊದಲು ಹೆಂಡತಿಯ ರಕ್ತಪರೀಕ್ಷೆ ನಡೆಯುವುದರಿಂದ ‘ಅವಳಿಂದಲೇ ಬಂತು’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಆ ಮಾತಿಗೆ ಯಾವ ಆಧಾರವೂ ಇಲ್ಲ.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಲು ಒಪ್ಪುತ್ತಿಲ್ಲ, ಅಥವಾ ಕೆಲಸದಿಂದ ತೆಗೆದಿದ್ದಾರೆ. ಯಾರಿಗೆ ದೂರು ಕೊಡಬೇಕು?

ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ನಿರಾಕರಿಸುವುದನ್ನು ಮೇಲಿನ ಕಾಯ್ದೆ ನಿಷೇಧಿಸಿದೆ. ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ಕಾಯ್ದೆಯ ಪ್ರಕಾರ ಇಂಥ ದೂರುಗಳನ್ನು ವಿಚಾರಿಸಲು ರಾಜ್ಯಗಳು ಓಂಬುಡ್ಸ್‌ಮನ್ ಎಂಬ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ ದೂರು ಬಂದ 30 ದಿನಗಳಲ್ಲಿ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟು ಬೇಗ, ಆದಷ್ಟು 24 ಗಂಟೆಯೊಳಗೆ. ದೂರು ಬರೆಯಲು ಎಆರ್‌ಟಿ ಕೇಂದ್ರದವರು, ಸೋಂಕಿತರ ಸಂಘಟನೆಗಳು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನೆರವಾಗುತ್ತವೆ. ನಿರಾಕರಿಸಿದವರು ಬಾಯಿಮಾತಿನಲ್ಲಿ ಹೇಳಿದ್ದರೆ ದಿನಾಂಕ, ವೇಳೆ, ಹೇಳಿದವರ ಹುದ್ದೆ ಬರೆದಿಟ್ಟುಕೊಳ್ಳಿ.

ಗಂಡ ತೀರಿದ ಮೇಲೆ ಅತ್ತೆಮನೆಯವರು ಹೊರಹಾಕುವುದು ನಮ್ಮಲ್ಲಿ ಕಾಣುವ ಇನ್ನೊಂದು ಅನ್ಯಾಯ. ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಸೋಂಕಿತರಿಗೂ ಅವರ ಜೊತೆ ಬಾಳಿದವರಿಗೂ ಉಂಟೆಂದು ಇದೇ ಕಾಯ್ದೆ ಹೇಳುತ್ತದೆ. ತಂದೆತಾಯಿಯ ಬದಲಿಗೆ ಮನೆ ನಡೆಸುತ್ತಿರುವ 12ರಿಂದ 18 ವರ್ಷದ, ತಿಳಿವಳಿಕೆಯುಳ್ಳ ಅಕ್ಕ ಅಥವಾ ಅಣ್ಣ ತಮ್ಮ ತಂಗಿಯರ ಶಾಲೆ ಪ್ರವೇಶ, ಚಿಕಿತ್ಸೆ, ಬ್ಯಾಂಕ್ ಖಾತೆ ಇವುಗಳಿಗೆ ಪೋಷಕರಾಗಿ ಸಹಿ ಮಾಡಬಹುದೆಂಬ ಅವಕಾಶವೂ ಇದೆ. ಬ್ಯಾಂಕಿನವರಿಗೆ, ಶಾಲೆಯವರಿಗೆ ಇದು ತಿಳಿದಿರುವುದು ಅಪರೂಪ, ನೀವೇ ತೋರಿಸಬೇಕಾದೀತು.

ಪಥ್ಯವೇನಾದರೂ ಇದೆಯೆ? ನಾಟಿ ಔಷಧಿಯಿಂದ ವಾಸಿಯಾಗುತ್ತದೆಯೆ?

ವಿಶೇಷ ಪಥ್ಯವಿಲ್ಲ. ರೊಟ್ಟಿ ಅಥವಾ ಮುದ್ದೆ, ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಶೇಂಗಾ ಇವೇ ಸಾಕು. ಕುಡಿತವು ಮಾತ್ರೆಯನ್ನು ಮರೆಸುತ್ತದೆ, ಯಕೃತ್ತನ್ನೂ ಕೆಡಿಸುತ್ತದೆ. ಕುಡಿದ ದಿನ ಮಾತ್ರೆ ಬೇಡವೆಂದು ಬಿಡುವುದು ಇನ್ನೂ ಕೆಟ್ಟದ್ದು, ಆ ದಿನವೂ ತೆಗೆದುಕೊಳ್ಳಿ. ಎಚ್‌ಐವಿಯನ್ನು ಪೂರ್ತಿ ವಾಸಿಮಾಡುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಏಡ್ಸ್ ಗುಣಪಡಿಸುತ್ತೇವೆಂದು ಹೇಳಿಕೊಂಡು ಔಷಧ ಮಾರುವಂತಿಲ್ಲವೆಂದು ದೇಶದ ಔಷಧ ನಿಯಮಗಳೇ ಹೇಳುತ್ತವೆ. ಹೊಲ ಒತ್ತೆಯಿಟ್ಟು ಅಂಥವರ ಬಳಿ ಹೋದವರು ಹಣ ಕಳೆದುಕೊಂಡದ್ದಕ್ಕಿಂತ, ಆ ತಿಂಗಳುಗಳಲ್ಲಿ ಎಆರ್‌ಟಿ ನಿಲ್ಲಿಸಿ ಕಳೆದುಕೊಂಡ ಆರೋಗ್ಯ ದೊಡ್ಡ ನಷ್ಟ.

ಸೂಜಿ ಚುಚ್ಚಿದೆ, ಅಥವಾ ಅತ್ಯಾಚಾರವಾಗಿದೆ. ಸೋಂಕು ತಡೆಯಬಹುದೆ?

72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲ ಎರಡು ಗಂಟೆಯಲ್ಲಿ ಶುರುವಾದರೆ ಎಲ್ಲಕ್ಕಿಂತ ಒಳ್ಳೆಯದು. 28 ದಿನಗಳ ಔಷಧವನ್ನು ಉಚಿತವಾಗಿ ಕೊಡುತ್ತಾರೆ. ಗಾಯವನ್ನು ಹಿಂಡಬೇಡಿ, ಸೋಪು ನೀರಿನಿಂದ ತೊಳೆಯಿರಿ.

ಆರ್ಥಿಕ ನೆರವು ಸಿಗುತ್ತದೆಯೆ?

ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಸೋಂಕಿತ ಮಹಿಳೆಯರ ಸ್ವಯಂ ಉದ್ಯೋಗಕ್ಕೆಂದು ರೂಪಿಸಿದ್ದು. ಬಾಧಿತ ಮಕ್ಕಳ ಪೋಷಣೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿದೆ; ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಪಡಿತರ ಚೀಟಿ, ವಿಧವಾ ವೇತನ ಮುಂತಾದ ಸಾಮಾನ್ಯ ಯೋಜನೆಗಳಿಗೂ ನೀವು ಅರ್ಹರಾಗಿರಬಹುದು. ಅರ್ಜಿಯಲ್ಲಿ ರೋಗದ ಹೆಸರು ಊರೆಲ್ಲ ತಿಳಿಯುವಂತೆ ಬರೆಸಬೇಕಾಗುವುದೆಂಬ ಅಳುಕಿದ್ದರೆ ಎಆರ್‌ಟಿ ಕೇಂದ್ರಕ್ಕೆ ಹೊಂದಿಕೊಂಡಿರುವ ಆರೈಕೆ ಮತ್ತು ಬೆಂಬಲ ಕೇಂದ್ರದ ಕಾರ್ಯಕರ್ತರನ್ನು ಕೇಳಿ. ಅವರಲ್ಲಿ ಹಲವರು ಸ್ವತಃ ಸೋಂಕಿನೊಂದಿಗೆ ಬಾಳುತ್ತಿರುವವರು, ಅರ್ಜಿಯ ಹಾದಿಯನ್ನು ನಡೆದು ಬಲ್ಲವರು.

ಮಾತ್ರೆ ಬಿಟ್ಟು ಎರಡು ವರ್ಷವಾಯಿತು. ಈಗ ಹೋದರೆ ಸೇರಿಸಿಕೊಳ್ಳುತ್ತಾರೆಯೆ?

ಖಂಡಿತ ಸೇರಿಸಿಕೊಳ್ಳುತ್ತಾರೆ, ನಿರಾಕರಿಸಲು ಯಾರಿಗೂ ಅಧಿಕಾರವಿಲ್ಲ. ಹಸಿರು ಪುಸ್ತಕ ಕಳೆದಿದ್ದರೂ ನಿಮ್ಮ ಹೆಸರು, ಊರು, ನೋಂದಣಿಯಾದ ವರ್ಷ ಹೇಳಿದರೆ ಬಿಳಿ ಕಾರ್ಡು ಹುಡುಕುತ್ತಾರೆ. ಹಳೆಯ ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ನೀವೇ ಶುರುಮಾಡಬೇಡಿ. ಮೊದಲು ಕ್ಷಯದ ತಪಾಸಣೆ ಮತ್ತು ಸಿಡಿ4 ಆಗಬೇಕು, ನೀವು ಮೊದಲು ತೆಗೆದುಕೊಳ್ಳುತ್ತಿದ್ದ ಔಷಧವೇ ಈಗ ಬದಲಾಗಿರಬಹುದು. ಹಳೆಯ ಕೇಂದ್ರದಲ್ಲಿ ಯಾರೋ ಗದರಿದ್ದಕ್ಕೆ, ಅಥವಾ ಪರಿಚಯದವರ ಕಣ್ಣಿಗೆ ಬಿದ್ದದ್ದಕ್ಕೆ ಬಿಟ್ಟಿದ್ದರೆ ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ವರ್ಗ ಕೇಳಬಹುದು. ಹಾಗೆ ಪಡೆಯುತ್ತಿರುವವರು ಬಹಳಷ್ಟು ಮಂದಿ ಇದ್ದಾರೆ. ಯಾವ ಕೇಂದ್ರ ಹತ್ತಿರವಿದೆ, ಯಾವ ದಿನ ತೆರೆದಿರುತ್ತದೆ ಎಂದು ತಿಳಿಯಲು 1097ಕ್ಕೆ ಕರೆಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ಹಣವಿಲ್ಲ, ಹೆಸರು ಹೇಳಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.